ಲಂಡನ್ನಿನ ಶನಿವಾರ: ಸುಂಟಿಕೊಪ್ಪದ ತಂಗಿಗೆ ಉತ್ತರ

ಪ್ರಿಯ ತಂಗಿ,

ನಿಮ್ಮ ಪತ್ರ ಮೊನ್ನೆ ರಾತ್ರಿ ಓದಿದೆ. ಪೂರ್ವ ಲಂಡನ್ನಿನ ಆಸ್ಪತ್ರೆಯಲ್ಲಿ ದಾದಿಯಾಗಿ ಸೇರಿ ಮೂರು ವಾರವಾಯಿತೆಂದೂ, ಸಿಗುವ ರಜೆಯೆಲ್ಲ ಅಂಗಡಿ, ಅಂಚೆ, ಬ್ಯಾಂಕು ಎಂದು ಓಡಾಟದಲ್ಲೇ ಮುಗಿಯುತ್ತದೆಂದೂ, ಬ್ರೆಡ್ಡು, ಮೊಟ್ಟೆ, ನೂಡಲ್ಸ್ ಬಿಟ್ಟರೆ ಬೇರೇನೂ ತಿಂದ ನೆನಪಿಲ್ಲವೆಂದೂ ಬರೆದಿದ್ದೀರಿ. ನಾನು 17 ವರ್ಷ ಅಲ್ಲಿ ಹೇಗೆ ಬಾಳಿದೆ, ಸಾಮಾನು ಎಲ್ಲಿ ಕೊಳ್ಳುತ್ತೇನೆ, ದಿನವೂ ಏನು ಉಣ್ಣುತ್ತೇನೆ, ಊರಿಗೆ ಬಂದಿರುವ ನನ್ನ ಕೈಯಲ್ಲಿ ನಿಮ್ಮ ಅಮ್ಮ ಏನೇನು ಕಳಿಸಬಹುದು ಎಂದು ಕೇಳಿದ್ದೀರಿ. ಈಗ ಕೊಡಗಿನ ಮೂರ್ನಾಡಿನ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಹೊರಗೆ ಆಟಿಯ ಮಳೆ ಬೆಳಗಿನಿಂದ ಬಿಟ್ಟಿಲ್ಲ, ಕರೆಂಟು ಎರಡು ಸಲ ಹೋಗಿ ಬಂದಿದೆ. ಆದ್ದರಿಂದ ಮುಖ್ಯವಾದುದನ್ನು ಮೊದಲೇ ಹೇಳಿಬಿಡುತ್ತೇನೆ. ವಾರದಲ್ಲಿ ಒಂದು ರಜೆಯ ದಿನವನ್ನು ಪೂರ್ತಿಯಾಗಿ ಸಂತೆಗೂ ಅಡುಗೆಗೂ ಕೊಡಿ. ಉಳಿದ ರಜೆಯನ್ನು ಯಾವ ಕೆಲಸಕ್ಕೂ ಕೊಡಬೇಡಿ. ಊರಿನಿಂದ ತರಿಸುವ ಸಾಮಾನು ಎಷ್ಟು ಕಡಿಮೆಯೋ ಅಷ್ಟು ಬೇಗ ಆ ಊರಿನ ಅಂಗಡಿಗಳು ನಿಮಗೆ ಪರಿಚಯವಾಗುತ್ತವೆ.

ನಿಮ್ಮ ಅಮ್ಮನನ್ನು ಇವತ್ತು ಮಡಿಕೇರಿಯಲ್ಲಿ ಕಂಡೆ. ಶುಕ್ರವಾರದ ಸಂತೆಗೆ ಬರುತ್ತೇನೆ, ಅಲ್ಲೇ ಸಿಗೋಣ ಎಂದಿದ್ದರು. ಆ ಮಳೆಯಲ್ಲೂ ಸಂತೆ ತುಂಬಿತ್ತು. ಎಳೆ ಬಿದಿರಿನ ಕಣಿಲೆಯನ್ನು ಸಣ್ಣಗೆ ಹೆಚ್ಚಿ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಮಾರುತ್ತಿದ್ದರು, ಕೆಸದ ಎಲೆಯ ಕಟ್ಟುಗಳಿದ್ದವು, ಮದ್ದು ಸೊಪ್ಪು ಉಣ್ಣುವ ದಿನವಾದ ಆಟಿ ಹದಿನೆಂಟು ಕಳೆದು ನಾಲ್ಕು ದಿನವಾದರೂ ಒಬ್ಬಾಕೆಯ ಬುಟ್ಟಿಯಲ್ಲಿ ಆ ಸೊಪ್ಪು ಇನ್ನೂ ಇತ್ತು. ಅಮ್ಮ ತಂದ ಚೀಲವನ್ನು ಒಂದು ಅಂಗಡಿಯ ಮಾಡಿನಡಿ ನಿಂತು ಬಿಚ್ಚಿದೆವು. ಅದರಲ್ಲಿ ಒಂದು ಬಾಟಲಿ ತುಪ್ಪ, ಒಲೆಯ ಮೇಲೆ ಕಟ್ಟಿ ಒಣಗಿಸಿದ ಹಂದಿ ಮಾಂಸ, ಒಂದು ಕಟ್ಟು ಮದ್ದು ಸೊಪ್ಪು, ಒಂದು ಕಿಲೋ ಜೇನು, ಕಾಳುಮೆಣಸು, ಏಲಕ್ಕಿ, ಐದು ಕಿಲೋ ಅಕ್ಕಿ ತರಿ ಮತ್ತು ಹಂದಿ ಕರಿಗೆ ಹಾಕುವ ಕಪ್ಪು ಹುಳಿರಸ ಕಾಚಂಪುಳಿ ಇದ್ದವು. ತುಪ್ಪ, ಮಾಂಸ, ಸೊಪ್ಪು ಮೂರನ್ನೂ ನಾನು ಮರಳಿ ಅವರ ಕೈಗೆ ಕೊಡಬೇಕಾಯಿತು, ಮತ್ತು ಅದು ನನಗೆ ಸುಲಭವಾಗಲಿಲ್ಲ. ಭಾರತದಿಂದ ಹೋಗುವವರು ಮಾಂಸವನ್ನಾಗಲಿ ಹಾಲಿನ ಪದಾರ್ಥವನ್ನಾಗಲಿ ಬ್ರಿಟನ್ನಿಗೆ ಒಯ್ಯುವಂತಿಲ್ಲ. ಹಸಿ ಸೊಪ್ಪು ತರಕಾರಿಗಳಿಗೆ ಬಹುಪಾಲು ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಜೇನಿಗೆ ಒಬ್ಬರಿಗೆ 2 ಕಿಲೋ ತನಕ ಅಡ್ಡಿಯಿಲ್ಲವಾದ್ದರಿಂದ ಅದು ಬರುತ್ತದೆ. ಮೆಣಸು, ಏಲಕ್ಕಿ ಬರುತ್ತವೆ. ಅಕ್ಕಿ ತರಿಯನ್ನು ಬೇಡವೆಂದೆ, ಕಾರಣವನ್ನು ಮುಂದೆ ಹೇಳುತ್ತೇನೆ.

ಕಾಚಂಪುಳಿಯ ಬಾಟಲಿಯನ್ನು ಮಾತ್ರ ನಾನಾಗಿಯೇ ಕೇಳಿ ಪಡೆದೆ. ಅಮ್ಮ ಅದನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಅದರ ಮೇಲೆ ನಿಮ್ಮ ಹಳೆಯ ಶಾಲೆಯ ಸ್ವೆಟರಿನ ತೋಳನ್ನು ತೊಡಿಸಿ, ಬಾಯಿಗೆ ಮೇಣ ಕರಗಿಸಿ ಬಿಟ್ಟಿದ್ದಾರೆ. ಅಲ್ಲಾಡಿಸಿದರೆ ಕಪ್ಪು ರಸ ಗಾಜಿನ ಒಳಮೈಗೆ ಅಂಟಿಕೊಂಡು ನಿಧಾನವಾಗಿ ಇಳಿಯುತ್ತದೆ. ಅಷ್ಟು ಗಟ್ಟಿಯಾಗಿ ಬತ್ತಿಸಿದ್ದಾರೆ. ಈ ಒಂದು ಬಾಟಲಿ ನಿಮಗೆ ಒಂದು ವರ್ಷಕ್ಕೆ ಸಾಕು, ಏಕೆಂದರೆ ಕಿಲೋ ಮಾಂಸಕ್ಕೆ ಎರಡು ಚಮಚಕ್ಕಿಂತ ಹೆಚ್ಚು ಬೇಕಾಗುವುದಿಲ್ಲ. ಮುಗಿದುಹೋದರೂ ಹೆದರಬೇಕಾಗಿಲ್ಲ. ಈಸ್ಟ್ ಹ್ಯಾಮಿನ ಮಲಯಾಳಿ ಅಂಗಡಿಗಳಲ್ಲಿ ಕೊಡಂಪುಳಿ ಎಂಬ ಹೊಗೆಯಲ್ಲಿ ಒಣಗಿಸಿದ ಕಪ್ಪು ಸಿಪ್ಪೆ ಸಿಗುತ್ತದೆ. ನಮ್ಮವರು ಯಾವ ಹಣ್ಣಿನ ರಸವನ್ನು ಬತ್ತಿಸಿ ಕಾಚಂಪುಳಿ ಮಾಡುತ್ತಾರೋ, ಅದೇ ಹಣ್ಣಿನ ಸಿಪ್ಪೆ ಅದು. ಬಿಸಿನೀರಿನಲ್ಲಿ ನೆನೆಸಿ, ಹಿಂಡಿ, ಸಣ್ಣ ಉರಿಯಲ್ಲಿ ಬತ್ತಿಸಿದರೆ ಹೊಗೆಯ ವಾಸನೆ ಸ್ವಲ್ಪ ಹೆಚ್ಚೆನಿಸಿದರೂ ಹುಳಿ ಅದೇ ಹುಳಿ. ಇದು ನನಗೆ ತಿಳಿಯಲು ನಾಲ್ಕು ವರ್ಷ ಬೇಕಾಯಿತು. ಅಲ್ಲಿಯವರೆಗೆ ವಿನೆಗರ್ ಹಾಕಿ ಮಾಡಿದ ಹಂದಿ ಕರಿಯನ್ನು ಹಂದಿ ಕರಿ ಎಂದೇ ಕರೆದುಕೊಂಡು ಉಂಡಿದ್ದೇನೆ.

ಇನ್ನು ನನ್ನ ಶನಿವಾರದ ವಿಷಯ. ಕಾಗದಪತ್ರದ ಕೆಲಸಗಳನ್ನೆಲ್ಲ ನಾನು ಬೆಳಿಗ್ಗೆ ಒಂಬತ್ತರಿಂದ ಹತ್ತೂವರೆಯ ಒಳಗೆ ಮುಗಿಸುತ್ತೇನೆ. ಮನೆಯಲ್ಲಿ ಯಾರೂ ಇಲ್ಲದಾಗ ಬಂದು ಮರಳಿದ ಪಾರ್ಸೆಲ್ಲುಗಳನ್ನು, ಅಂಚೆಯವನು ಬಾಗಿಲಲ್ಲಿ ತೂರಿಸಿಹೋದ ಚೀಟಿ ತೋರಿಸಿ ಬಿಡಿಸಿಕೊಳ್ಳುವುದು ಮೊದಲ ಕೆಲಸ. ಗುರುತಿನ ಚೀಟಿ ಮರೆಯಬಾರದು. ಎರಡನೆಯದು ಔಷಧಿ ಅಂಗಡಿ. ನೀವೇ ದಾದಿಯಾದರೂ ಅಲ್ಲಿಯ ಕ್ರಮ ಹೊಸದಾದ್ದರಿಂದ ಹೇಳುತ್ತೇನೆ: 2024ರ ಜನವರಿಯ ಕೊನೆಯಿಂದ ಇಂಗ್ಲೆಂಡಿನಲ್ಲಿ ಗಂಟಲು ನೋವು, ಮಕ್ಕಳ ಕಿವಿ ನೋವು, ಸೈನಸ್, ಸರ್ಪಸುತ್ತು ಮುಂತಾದ ಏಳು ತೊಂದರೆಗಳಿಗೆ ಔಷಧಿ ಅಂಗಡಿಯ ಫಾರ್ಮಸಿಸ್ಟರೇ ನೋಡಿ ಮದ್ದು ಕೊಡಬಹುದು, ಡಾಕ್ಟರರ ಸರದಿಗಾಗಿ ಕಾಯಬೇಕಾಗಿಲ್ಲ. ಹಾಗೆಂದು ಡಾಕ್ಟರರ ಬಳಿ ಹೆಸರು ನೋಂದಾಯಿಸುವುದನ್ನು ಮುಂದೂಡಬೇಡಿ. ಅದಕ್ಕೆ ಹಣವಿಲ್ಲ, ವಿಳಾಸದ ದಾಖಲೆ ಇಲ್ಲವೆಂಬ ಕಾರಣಕ್ಕೆ ನಿರಾಕರಿಸುವಂತೆಯೂ ಇಲ್ಲ. ಆರೋಗ್ಯವಾಗಿರುವಾಗಲೇ ಈ ಕೆಲಸ ಮಾಡಿಕೊಳ್ಳಬೇಕು.

ಅಲ್ಲಿಂದ ಬಸ್ಸು. ಲಂಡನ್ನಿನ ಬಸ್ಸುಗಳಲ್ಲಿ 2014ರಿಂದ ನಗದು ಹಣ ತೆಗೆದುಕೊಳ್ಳುವುದಿಲ್ಲ. ಕಾರ್ಡನ್ನು ತಾಗಿಸಿದ ಮೇಲೆ ಒಂದು ಗಂಟೆಯೊಳಗೆ ಎಷ್ಟು ಬಸ್ಸು ಬದಲಿಸಿ ಹತ್ತಿದರೂ ಒಂದೇ ಬಾಡಿಗೆ. ಹೊಸಬರಲ್ಲಿ ಹೆಚ್ಚಿನವರಿಗೆ ಇದು ಗೊತ್ತಿರುವುದಿಲ್ಲ, ರೈಲಿಗೆ ಹಣ ಸುರಿಯುತ್ತಾರೆ. ಅಪ್ಟನ್ ಪಾರ್ಕ್ ರೈಲು ನಿಲ್ದಾಣದ ಪಕ್ಕದಲ್ಲೇ, ಗ್ರೀನ್ ಸ್ಟ್ರೀಟಿನಲ್ಲಿ, ಕ್ವೀನ್ಸ್ ಮಾರ್ಕೆಟ್ ಇದೆ. ಮೊದಲ ಸಲ ಅದರೊಳಗೆ ಕಾಲಿಟ್ಟಾಗ ನನಗೆ ಸಂತೆಯ ನೆನಪಾಗಿ ಗಂಟಲು ಕಟ್ಟಿತ್ತು. ಮಾಡಿನಡಿ ಸಾಲುಸಾಲಾಗಿ ಅಂಗಡಿಗಳು, ನೆಲವೆಲ್ಲ ಒದ್ದೆ, ಕೂಗಿ ಕರೆಯುವ ವ್ಯಾಪಾರಿಗಳು. ಅಲ್ಲಿ ತರಕಾರಿಯನ್ನು ಬಟ್ಟಲಿನ ಲೆಕ್ಕದಲ್ಲಿ ಮಾರುತ್ತಾರೆ: ಒಂದು ಸ್ಟೀಲಿನ ಬಟ್ಟಲು ತುಂಬ ಟೊಮೇಟೊ, ಇನ್ನೊಂದರಲ್ಲಿ ಹಸಿಮೆಣಸಿನಕಾಯಿ, ಮತ್ತೊಂದರಲ್ಲಿ ಶುಂಠಿ, ಬಟ್ಟಲಿಗೆ ಒಂದು ಪೌಂಡ್, ಈಚೆಗೆ ಕೆಲವದಕ್ಕೆ ಒಂದೂವರೆ. ನಮ್ಮ ಸಂತೆಯ ಪಾಲಿನ ಲೆಕ್ಕದಂತೆಯೇ ಇದು. ದೊಡ್ಡ ಸೂಪರ್ ಮಾರ್ಕೆಟ್ಟಿನಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ನಾಲ್ಕು ಹಸಿಮೆಣಸಿಗೆ ಕೊಡುವ ಹಣದಲ್ಲಿ ಇಲ್ಲಿ ತಿಂಗಳಿಗಾಗುವಷ್ಟು ಸಿಗುತ್ತದೆ. ಬಟ್ಟಲಿನ ತಳದ ಹಣ್ಣು ಕೊಳೆತಿದೆಯೇ ಎಂದು ನೋಡಿಯೇ ಚೀಲಕ್ಕೆ ಸುರಿಸಿಕೊಳ್ಳಿ, ಸಂಕೋಚಪಡಬೇಡಿ. ಚೀಲಗಳನ್ನು ಮನೆಯಿಂದಲೇ ಒಯ್ಯಿರಿ. ಅಂಗಡಿಯಲ್ಲಿ ಕೊಂಡರೆ ಒಂದಕ್ಕೆ ಕನಿಷ್ಠ 10 ಪೆನ್ಸ್.

ಆ ಭಾಗದ ಬಾಂಗ್ಲಾದೇಶದವರ ಅಂಗಡಿಗಳನ್ನು ತಪ್ಪಿಸಬೇಡಿ. ಅವರೂ ಮಳೆಯ ನಾಡಿನವರು, ಕೆಸ ತಿನ್ನುವವರು. ಕೆಸದ ಗೆಡ್ಡೆ, ದಂಟು, ಎಷ್ಟೋ ಸಲ ಎಲೆಯೂ ಅವರಲ್ಲಿ ಸಿಗುತ್ತದೆ. ಐದು ವರ್ಷದ ಹಿಂದೆ ಇದೇ ಆಟಿಯ ದಿನಗಳಲ್ಲಿ ಅಂತಹ ಒಂದು ಅಂಗಡಿಯ ಮೂಲೆಯಲ್ಲಿ ಎಳೆಯ ಕೆಸದೆಲೆಯ ಕಟ್ಟು ಕಂಡು, ಕೈಯಲ್ಲಿದ್ದ ಬೇರೆ ಪಟ್ಟಿಯನ್ನೆಲ್ಲ ಬಿಟ್ಟು ಅದನ್ನೇ ಹಿಡಿದು ಮನೆಗೆ ಹೋಗಿ ಪತ್ರೊಡೆ ಮಾಡಿದ್ದೆ. ಕಣಿಲೆಗೆ ಚೀನೀಯರ ಅಂಗಡಿಗೆ ಹೋಗಬೇಕು. ಬೇಯಿಸಿ ಗಾಳಿ ತೆಗೆದು ಕಟ್ಟಿದ ಪೊಟ್ಟಣ ಸಿಗುತ್ತದೆ. ನಮ್ಮಲ್ಲಿಯಂತೆ ದಿನಗಟ್ಟಲೆ ನೀರು ಬದಲಿಸುವ ಕೆಲಸವಿಲ್ಲ, ಆದರೆ ಆ ನೆನೆದ ಹುಳಿವಾಸನೆಯೂ ಇಲ್ಲ. ಎರಡು ದಿನ ನೀರಿನಲ್ಲಿಟ್ಟು ನೋಡಿದ್ದೇನೆ, ಊರಿನ ಕಣಿಲೆಯ ರುಚಿ ಬರಲಿಲ್ಲ. ಇದೊಂದನ್ನು ಊರಿಗೆ ಬಂದಾಗಲೇ ತಿನ್ನುವುದೆಂದು ಬಿಟ್ಟಿದ್ದೇನೆ.

ಮಧ್ಯಾಹ್ನದ ಹೊತ್ತಿಗೆ ಈಸ್ಟ್ ಹ್ಯಾಮಿನ ಹೈ ಸ್ಟ್ರೀಟ್ ನಾರ್ತ್ ತಲುಪುತ್ತೇನೆ. ತಮಿಳರ, ಮಲಯಾಳಿಗಳ, ಶ್ರೀಲಂಕಾದವರ ಅಂಗಡಿಗಳು ಆ ಬೀದಿಯ ಉದ್ದಕ್ಕೂ ಇವೆ. ಸೋನಾ ಮಸೂರಿ 10 ಕಿಲೋ ಚೀಲ, ತೊಗರಿಬೇಳೆ, ರಾಗಿ ಹಿಟ್ಟು, ತುರಿದು ಹೆಪ್ಪುಗಟ್ಟಿಸಿದ ತೆಂಗಿನಕಾಯಿ, ಕರಿಬೇವು, ಫಿಲ್ಟರ್ ಕಾಫಿ ಪುಡಿ, ಎಲ್ಲವೂ ಒಂದೇ ಅಂಗಡಿಯಲ್ಲಿ ಆಗುತ್ತದೆ. ಶ್ರೀಲಂಕಾದವರ ಅಂಗಡಿಯ ಫ್ರೀಜರಿನಲ್ಲಿ ಇಡಿಯಾಪ್ಪಂ ಎಂಬ ಒತ್ತು ಶಾವಿಗೆ ಸಿದ್ಧವಾಗಿ ಇರುತ್ತದೆ. ಬಿಳಿಯದನ್ನು ಕೊಂಡು ಆವಿಯಲ್ಲಿ ಐದು ನಿಮಿಷವಿಟ್ಟರೆ ಅದೇ ನಮ್ಮ ನೂಲ್‌ಪುಟ್ಟು. ರಾತ್ರಿ ಪಾಳಿ ಮುಗಿಸಿ ಬಂದ ಬೆಳಿಗ್ಗೆ ಒತ್ತುವ ಶಕ್ತಿ ಯಾರಿಗಿರುತ್ತದೆ? ಅಕ್ಕಿ ತರಿಯನ್ನು ಬೇಡವೆಂದು ಅಮ್ಮನಿಗೆ ಹೇಳಿದ ಕಾರಣವೂ ಇಲ್ಲೇ ಇದೆ. ಅಂಗಡಿಯ ಇಡ್ಲಿ ರವೆ ಕುಸುಬಲಕ್ಕಿಯದು, ಅದರಲ್ಲಿ ಕಡಂಬುಟ್ಟು, ಅಂದರೆ ಅಕ್ಕಿ ತರಿಯ ಉಂಡೆಯ ಕಡುಬು, ಸರಿಯಾಗಿ ಬರುವುದಿಲ್ಲ. ಸೋನಾ ಮಸೂರಿಯನ್ನು ತೊಳೆದು, ಬಟ್ಟೆಯ ಮೇಲೆ ಹರಡಿ ಒಂದು ಗಂಟೆ ಆರಿಸಿ, ಮಿಕ್ಸಿಯಲ್ಲಿ ಬಿಟ್ಟುಬಿಟ್ಟು ತಿರುಗಿಸಿದರೆ ತರಿ ಮನೆಯಲ್ಲೇ ಆಗುತ್ತದೆ. ಐದು ಕಿಲೋ ತೂಕದ ಜಾಗದಲ್ಲಿ ನಿಮ್ಮ ಮನೆಯ ಮಿಕ್ಸಿಯನ್ನೇ ತರುತ್ತೇನೆಂದು ಅಮ್ಮನಿಗೆ ಹೇಳಿದ್ದೇನೆ. ಎರಡೂ ದೇಶಗಳಲ್ಲಿ ವಿದ್ಯುತ್ತು 230 ವೋಲ್ಟೇ ಆದ್ದರಿಂದ ಪ್ಲಗ್ಗೊಂದನ್ನು ಬದಲಿಸಿದರೆ ಸಾಕು.

ಹಂದಿ ಮಾಂಸದ ವಿಷಯವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಕೊಡಗಿನಿಂದ ಬಂದ ಪ್ರತಿಯೊಬ್ಬರೂ ಮೊದಲ ತಿಂಗಳಲ್ಲಿ ಇದರಲ್ಲೇ ಸೋಲುತ್ತಾರೆ. ಗ್ರೀನ್ ಸ್ಟ್ರೀಟ್, ಈಸ್ಟ್ ಹ್ಯಾಮಿನ ಮಾಂಸದಂಗಡಿಗಳು ಬಹುತೇಕ ಹಲಾಲ್ ಅಂಗಡಿಗಳು, ಅಲ್ಲಿ ಹಂದಿಯನ್ನು ಕೇಳಬಾರದು. ಸೂಪರ್ ಮಾರ್ಕೆಟ್ಟಿನಲ್ಲಿ ತುಂಡುಮಾಡಿ ಇಟ್ಟದ್ದನ್ನು ಕೊಳ್ಳಬೇಡಿ. ಚರ್ಮವನ್ನೂ ನೆಣವನ್ನೂ ತೆಗೆದ ಆ ಕೆಂಪು ತುಂಡುಗಳು ಬೆಂದ ಮೇಲೆ ನಾರಾಗುತ್ತವೆ. ಇಂಗ್ಲಿಷರ ಹಳೆಯ ಮಾಂಸದಂಗಡಿಯೋ ಪೋಲೆಂಡ್, ರೊಮೇನಿಯಾದವರ ಅಂಗಡಿಯೋ ಹತ್ತಿರ ಇದ್ದೇ ಇರುತ್ತದೆ. ಅಲ್ಲಿ ಭುಜದ ಭಾಗ ಎರಡು ಪಾಲು, ಹೊಟ್ಟೆಯ ಭಾಗ ಒಂದು ಪಾಲು, ಚರ್ಮಸಹಿತ ಬೇಕೆಂದು ಕೇಳಿ. ಇಂಗ್ಲಿಷರು ಚರ್ಮವನ್ನು ಗರಿಗರಿಯಾಗಿ ಹುರಿದು ತಿನ್ನುವವರಾದ್ದರಿಂದ ಚರ್ಮವಿರುವ ಮಾಂಸ ಅವರಲ್ಲಿ ಸಾಮಾನ್ಯ. ಆದರೆ ಹುರಿಯಲೆಂದು ಅದಕ್ಕೆ ಚಾಕುವಿನಿಂದ ಗೀರು ಹಾಕಿಬಿಡುತ್ತಾರೆ. ಗೀರು ಬೇಡ, ಒಂದು ಅಂಗುಲದ ತುಂಡು ಮಾಡಿಕೊಡಿ ಎಂದು ಮೊದಲೇ ಹೇಳಿ. ನಮ್ಮ ಅಂಗಡಿಯ ಮುದುಕರು ಮೊದಲ ಸಲ ನನ್ನನ್ನು ವಿಚಿತ್ರವಾಗಿ ನೋಡಿದರು. ಈಗ ನಾನು ಬಾಗಿಲಲ್ಲಿ ಕಾಣುತ್ತಲೇ ಭುಜದ ತುಂಡನ್ನು ಕೊಕ್ಕೆಯಿಂದ ಇಳಿಸುತ್ತಾರೆ, ಚರ್ಮದ ಮೇಲೆ ಉಳಿದ ಕೂದಲನ್ನು ಗ್ಯಾಸಿನ ಜ್ವಾಲೆಯಲ್ಲಿ ಸುಟ್ಟು, ಚಾಕುವಿನ ಬೆನ್ನಿನಿಂದ ಕೆರೆದು ಕೊಡುತ್ತಾರೆ. ಆ ಸುಟ್ಟ ವಾಸನೆ ಮೂಗಿಗೆ ಬಂದಾಗ ನನಗೆ ಹುತ್ತರಿಯ ಮರುದಿನದ ನಮ್ಮ ಹಿತ್ತಲು ಕಾಣುತ್ತದೆ.

ದಾರಿಯಲ್ಲಿ ಧರ್ಮಾರ್ಥ ಸಂಸ್ಥೆಗಳು ನಡೆಸುವ ಹಳೆಯ ಸಾಮಾನಿನ ಅಂಗಡಿಗಳಿಗೆ ಹೋಗಲು ಹತ್ತು ನಿಮಿಷ ಇಟ್ಟುಕೊಳ್ಳಿ. ನನ್ನ ಅಡುಗೆಮನೆಯ ಅರ್ಧ ಪಾತ್ರೆ ಅಲ್ಲಿಂದಲೇ ಬಂದವು. ಮೂರು ಅಂತಸ್ತಿನ ಸ್ಟೀಲಿನ ಆವಿಪಾತ್ರೆ ನಾಲ್ಕು ಪೌಂಡಿಗೆ ಸಿಕ್ಕಿತ್ತು; ಇಂದಿಗೂ ಕಡಂಬುಟ್ಟು ಅದರಲ್ಲೇ ಬೇಯುತ್ತದೆ. ಚಳಿಗಾಲದ ಉಣ್ಣೆಯ ಕೋಟನ್ನೂ ಅಲ್ಲೇ ನೋಡಿ, ಹೊಸದಕ್ಕೆ ಕೊಡುವ ಹಣದ ಕಾಲು ಭಾಗಕ್ಕೆ ಒಳ್ಳೆಯದೇ ಸಿಗುತ್ತದೆ. ಕಾಫಿಯ ಊರಿನವರಾದ ನಿಮಗೆ ಇನ್ನೊಂದನ್ನು ತೋರಿಸಬೇಕು. ಸೂಪರ್ ಮಾರ್ಕೆಟ್ಟಿನ ಕಾಫಿಯ ಸಾಲಿನಲ್ಲಿ ಕ್ಯಾಂಪ್ ಕಾಫಿ ಎಂಬ ಬಾಟಲಿ ಕಾಣುತ್ತದೆ. 1876ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿದ ಈ ಪಾಕದಲ್ಲಿ ಕಾಫಿಗಿಂತ ಚಿಕೋರಿಯೇ ಹೆಚ್ಚು, ಕುಡಿಯಲು ನನಗೆ ಇಷ್ಟವಿಲ್ಲ. ಅದರ ಚೀಟಿಯ ಚಿತ್ರವನ್ನು ಮಾತ್ರ ನೋಡಬೇಕು: ಹಿಂದೆ ಸ್ಕಾಟಿಷ್ ಅಧಿಕಾರಿ ಕುಳಿತಿದ್ದು ಸಿಖ್ ಸೇವಕ ತಟ್ಟೆ ಹಿಡಿದು ನಿಂತಿರುತ್ತಿದ್ದ, ಈಗಿನ ಚೀಟಿಯಲ್ಲಿ ಇಬ್ಬರೂ ಪಕ್ಕಪಕ್ಕದಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದಾರೆ. ತೋಟದ ಲೆಕ್ಕಪತ್ರಗಳನ್ನೆಲ್ಲ ಇಂಗ್ಲಿಷಿನಲ್ಲೇ ಬರೆದಿಟ್ಟ ಕಾಲದ ಮನೆಯಲ್ಲಿ ಬೆಳೆದ ನಾನು ಆ ಬಾಟಲಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಿದ್ದೆ.

ಮೂರು ಗಂಟೆಗೆ ಮನೆ, ಆಮೇಲೆ ಅಡುಗೆ. ಕೊತ್ತಂಬರಿ, ಜೀರಿಗೆ, ಮೆಣಸು, ಸಾಸಿವೆ, ಮೆಂತೆಗಳನ್ನು ಕಪ್ಪಾಗುವ ತನಕ ಹುರಿಯುವಾಗ ಅಡುಗೆಮನೆಯ ಬಾಗಿಲನ್ನು ಮುಚ್ಚಿ, ಕಿಟಕಿಯನ್ನು ಪೂರ್ತಿ ತೆರೆದಿಡಿ. ಇಲ್ಲವಾದರೆ ಹೊಗೆಯ ಅಲಾರಾಂ ಕೂಗಿ ಇಡೀ ಕಟ್ಟಡ ಹೊರಗೆ ಬರುತ್ತದೆ. ನಾನು ಮೊದಲು ಬಾಡಿಗೆಗೆ ಹಿಡಿದ ಕೋಣೆಯಲ್ಲಿ ಒಗ್ಗರಣೆಯ ವಾಸನೆ ಬರಬಾರದೆಂದು ಮನೆಯ ಒಡೆಯರು ಹಣ ಪಡೆದ ಮೇಲೆ ಹೇಳಿದರು. ಐದು ತಿಂಗಳು ತಣ್ಣನೆಯ ಊಟ ತಿಂದು ತೂಕ ಇಳಿದು, ಫೋನಿನಲ್ಲಿ ಅಮ್ಮನಿಗೆ ಮಾತ್ರ ದಿನವೂ ಅನ್ನ ಸಾರು ಎಂದು ಹೇಳುತ್ತಿದ್ದೆ. ಆಸ್ಪತ್ರೆಯ ವಸತಿಗೃಹ ಬಿಟ್ಟು ಬೇರೆ ಮನೆ ನೋಡುವಾಗ ನೀವು ಮೊದಲು ಅಡುಗೆಮನೆಯನ್ನು ನೋಡಿ, ಮಸಾಲೆ ಹುರಿದು ಅಡುಗೆ ಮಾಡುತ್ತೇನೆ ಎಂದು ಸ್ಪಷ್ಟವಾಗಿ ಹೇಳಿ, ಒಪ್ಪಿದ ಮೇಲೆಯೇ ಹಣ ಕೊಡಿ.

ಲಂಡನ್ನಿನ ನೀರು ಗಡಸು. ಕೆಟಲಿನ ತಳದಲ್ಲಿ ಬಿಳಿ ಹೊಪ್ಪಳೆ ಕಟ್ಟಿದ್ದನ್ನು ನೀವು ಈಗಾಗಲೇ ಕಂಡಿರಬೇಕು. ಬೇಳೆ ಬೇಗ ಬೇಯುವುದಿಲ್ಲ, ಡಿಕಾಕ್ಷನ್ನಿನ ರುಚಿಯೂ ಕೆಡುತ್ತದೆ. ಸೋಸುವ ಜಗ್ಗೊಂದನ್ನು ಕೊಂಡು ಕಾಫಿಗೂ ಬೇಳೆಗೂ ಆ ನೀರನ್ನೇ ಬಳಸಿ. ಹಾಲಿನ ಬಾಟಲಿಯಲ್ಲಿ ನೀಲಿ ಮುಚ್ಚಳದ್ದು ಕೆನೆ ತೆಗೆಯದ ಹಾಲು, ಕಾಫಿಗೆ ಅದೇ ಬೇಕು. ಕೆಂಪು ಮುಚ್ಚಳದ್ದು ನೀರಿನಂತಿರುತ್ತದೆ.

ಶನಿವಾರ ರಾತ್ರಿ ಬಿಸಿ ಹಂದಿ ಕರಿ, ಕಡಂಬುಟ್ಟು. ಉಳಿದ ಕರಿಯನ್ನು ಒಬ್ಬರ ಊಟದ ಅಳತೆಯಲ್ಲಿ ಡಬ್ಬಿಗಳಿಗೆ ಹಾಕಿ, ದಿನಾಂಕ ಬರೆದು ಫ್ರೀಜರಿಗೆ ಇಡುತ್ತೇನೆ; ಜೊತೆಗೆ ನಾಲ್ಕು ಡಬ್ಬಿ ಸಾರು, ಎರಡು ಡಬ್ಬಿ ಕಡಲೆ ಪಲ್ಯ. ಹನ್ನೆರಡೂವರೆ ಗಂಟೆಯ ಪಾಳಿಯ ದಿನ ಬೆಳಿಗ್ಗೆ ಆರಕ್ಕೆ ಒಂದು ಡಬ್ಬಿ ಚೀಲ ಸೇರುತ್ತದೆ, ವಾರ್ಡಿನ ಕೋಣೆಯ ಮೈಕ್ರೋವೇವಿನಲ್ಲಿ ಮೂರು ನಿಮಿಷಕ್ಕೆ ಊಟ ಸಿದ್ಧ. ಅನ್ನದ ವಿಷಯದಲ್ಲಿ ಮಾತ್ರ ಎಚ್ಚರವಿರಲಿ: ಮಾಡಿದ ಒಂದು ಗಂಟೆಯೊಳಗೆ ತಣಿಸಿ ಫ್ರಿಜ್ಜಿಗೆ ಇಟ್ಟು, ಒಂದು ದಿನದೊಳಗೆ ಉಂಡು ಮುಗಿಸಬೇಕೆಂಬುದು ಅಲ್ಲಿಯ ಆಹಾರ ಸುರಕ್ಷತೆಯ ಸಲಹೆ. ರಾತ್ರಿ ಒಲೆಯ ಪಕ್ಕದಲ್ಲಿಟ್ಟ ಅನ್ನವನ್ನು ಬೆಳಿಗ್ಗೆ ಉಣ್ಣುವ ನಮ್ಮ ಅಭ್ಯಾಸ ಅಲ್ಲಿ ಬೇಡ. ಬೆಳಗಿನ ತಿಂಡಿಗೆ ಅಕ್ಕಿ ರೊಟ್ಟಿಯನ್ನು ರಜೆಯ ದಿನ ಮಾತ್ರ ಮಾಡುತ್ತೇನೆ, ಫ್ರಿಜ್ಜಿನಲ್ಲಿಟ್ಟ ಹಿಂದಿನ ರಾತ್ರಿಯ ಅನ್ನವನ್ನು ಹಿಟ್ಟಿಗೆ ಕಲಸಿ ನಾದಿ ತಟ್ಟಿದರೆ ಆ ಚಳಿಯಲ್ಲೂ ಮೆತ್ತಗಿರುತ್ತದೆ. ಜೊತೆಗೆ ಎಳ್ಳಿನ ಚಟ್ನಿ ಮತ್ತು ಈಗ ನಾನು ತರುತ್ತಿರುವ ಜೇನು.

ಸಂತೆಯನ್ನು ಭಾನುವಾರಕ್ಕೆ ಇಟ್ಟುಕೊಳ್ಳಬೇಡಿ. ದೊಡ್ಡ ಅಂಗಡಿಗಳು ಭಾನುವಾರ ಆರು ಗಂಟೆ ಮಾತ್ರ ತೆರೆದಿರಬಹುದೆಂಬ ಕಾನೂನು 1994ರಿಂದ ಇದೆ, ಸಂಜೆ ಹೋದರೆ ಬಾಗಿಲು ಮುಚ್ಚಿರುತ್ತದೆ. ಕ್ರಿಸ್‌ಮಸ್ ದಿನ ಬಸ್ಸೂ ಇಲ್ಲ ರೈಲೂ ಇಲ್ಲ. ಆ ದಿನ ಪಾಳಿ ಬಿದ್ದರೆ ಹೇಗೆ ಹೋಗುವುದೆಂದು ವಾರದ ಮೊದಲೇ ಸಹೋದ್ಯೋಗಿಗಳಲ್ಲಿ ವಿಚಾರಿಸಿ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಅಂದಿನಿಂದ ಊರಿಗೂ ನಿಮಗೂ ಐದೂವರೆ ಗಂಟೆಯ ಅಂತರ. ಅಮ್ಮ ಒಂಬತ್ತಕ್ಕೆ ಮಲಗುತ್ತಾರಂತೆ, ಅದರಂತೆ ಕರೆ ಮಾಡಿ.

ನಾನು ಬರುವ ಬುಧವಾರ ಮರಳುತ್ತೇನೆ. ಶನಿವಾರ ನಿಮಗೆ ಪಾಳಿ ಇಲ್ಲವೆಂದು ಬರೆದಿದ್ದೀರಿ. ಬೆಳಿಗ್ಗೆ ಹತ್ತೂವರೆಗೆ ಅಪ್ಟನ್ ಪಾರ್ಕ್ ನಿಲ್ದಾಣದ ಬಾಗಿಲಲ್ಲಿ ಕಾಯುತ್ತೇನೆ, ಎರಡು ಗಟ್ಟಿ ಚೀಲ ಹಿಡಿದು ಬನ್ನಿ. ಮಾಂಸದಂಗಡಿಯ ಮುದುಕರಿಗೆ ನಿಮ್ಮನ್ನು ಪರಿಚಯಿಸಿ, ಆಮೇಲೆ ನಮ್ಮ ಮನೆಗೆ ಹೋಗಿ, ಸ್ವೆಟರಿನ ತೋಳಿನಿಂದ ಆ ಬಾಟಲಿಯನ್ನು ನೀವೇ ಬಿಚ್ಚಿ ಮೇಣ ಒಡೆಯುವಿರಂತೆ. ಮಿಕ್ಸಿಗೆ ಹಾಕುವ ಪ್ಲಗ್ಗನ್ನು ನಾನು ತೆಗೆದಿಟ್ಟಿರುತ್ತೇನೆ.